ಜನರೆದುರಿನ ಭಯ: ಕಾಲೇಜು ವಿದ್ಯಾರ್ಥಿಯ ಮುಂದಿರುವ ದಾರಿಗಳನ್ನು ಹೋಲಿಸಿ ಆಯ್ದುಕೊಳ್ಳುವ ಬಗೆ

ಪಿಯುಸಿ ಮುಗಿಯುವವರೆಗೆ ಒಬ್ಬ ವಿದ್ಯಾರ್ಥಿ ತರಗತಿಯಲ್ಲಿ ಬಾಯಿ ತೆರೆಯದೆಯೂ ಒಳ್ಳೆಯ ಅಂಕ ಪಡೆಯಬಹುದು, ಏಕೆಂದರೆ ಬೋರ್ಡ್ ಪರೀಕ್ಷೆ ಬಹುಮಟ್ಟಿಗೆ ಬರವಣಿಗೆಯನ್ನೇ ಕೇಳುತ್ತದೆ. ಎಂಜಿನಿಯರಿಂಗಿಗೋ ಪದವಿಗೋ ಸೇರಿದ ಮೇಲೆ ಹಾಗಿರುವುದಿಲ್ಲ. ಲ್ಯಾಬಿನಲ್ಲಿ ವೈವಾ, ಇಂಟರ್ನಲ್ಸ್ ಅಂಕಕ್ಕಾಗಿ ಸೆಮಿನಾರ್, ಪರಿಚಯವೇ ಇಲ್ಲದವರೊಡನೆ ಪ್ರಾಜೆಕ್ಟ್, ಹಾಸ್ಟೆಲಿನ ಮೆಸ್ಸಿನಲ್ಲಿ ಅಷ್ಟೊಂದು ಜನರ ನಡುವೆ ಊಟ, ಕೊನೆಯ ವರ್ಷದಲ್ಲಿ ಪ್ಲೇಸ್‌ಮೆಂಟಿನ ಗ್ರೂಪ್ ಡಿಸ್ಕಷನ್, ಇವೆಲ್ಲವೂ ಇತರರ ಕಣ್ಣೆದುರಿಗೇ ನಡೆಯಬೇಕಾದವು. ಸೆಮಿನಾರಿನ ದಿನ ಜ್ವರವೆಂದು ಹೇಳಿ ರೂಮಿನಲ್ಲೇ ಉಳಿಯುವವರು, ಹಾಜರಿ ಕೂಗುವಾಗ ‘ಪ್ರೆಸೆಂಟ್ ಸರ್’ ಎನ್ನುವುದಕ್ಕೂ ಗಂಟಲು ಕಟ್ಟುವವರು, ಮೆಸ್ ಖಾಲಿಯಾಗುವವರೆಗೆ ಕಾದು ತಣ್ಣಗಾದ ಅನ್ನ ಉಣ್ಣುವವರು ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಅವರು ಗಲಾಟೆ ಮಾಡುವುದಿಲ್ಲವಾದ್ದರಿಂದ ಅಧ್ಯಾಪಕರ ಗಮನಕ್ಕೆ ಬರುವುದು ಬಹಳ ತಡವಾಗಿ, ಹೆಚ್ಚಾಗಿ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಅವರ ಹೆಸರು ಕಾಣಿಸಿಕೊಂಡಾಗ.

ಇಂಥ ವಿದ್ಯಾರ್ಥಿಗೆ ಸಲಹೆಗಳ ಕೊರತೆಯಿಲ್ಲ. ‘ವಯಸ್ಸಾದಂತೆ ಸರಿಹೋಗುತ್ತದೆ’ ಎನ್ನುತ್ತಾರೆ ಮನೆಯವರು. ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರು ಎನ್ನುತ್ತಾರೆ ಗೆಳೆಯರು. ಧ್ಯಾನ ಮಾಡು ಎನ್ನುತ್ತಾರೆ ಕೆಲವರು, ಮಾತ್ರೆ ತೆಗೆದುಕೊ ಎನ್ನುತ್ತಾರೆ ಮತ್ತೆ ಕೆಲವರು, ಮಾತ್ರೆಯ ಹತ್ತಿರವೂ ಹೋಗಬೇಡ ಎನ್ನುವವರು ಇನ್ನೂ ಹೆಚ್ಚು. ಈ ಆಯ್ಕೆಗಳನ್ನು ಖರ್ಚು, ಸಮಯ, ಗೋಪ್ಯತೆ ಇವುಗಳ ದೃಷ್ಟಿಯಿಂದ ಹೋಲಿಸಬಹುದು, ಮುಂದೆ ಹೋಲಿಸಿದ್ದೇನೆ ಕೂಡ. ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಆಯ್ಕೆ ನನ್ನನ್ನು ನಾನು ಹೆದರುವ ಸನ್ನಿವೇಶದ ಹತ್ತಿರಕ್ಕೆ ಕರೆದೊಯ್ಯುತ್ತದೆಯೋ, ಇಲ್ಲವೇ ಅದರಿಂದ ಇನ್ನಷ್ಟು ದೂರದಲ್ಲಿ ಇರಿಸುತ್ತದೆಯೋ? ದೂರ ಇರಿಸುವ ಆಯ್ಕೆ ಇಂದು ಎಷ್ಟೇ ಹಿತವಾಗಿದ್ದರೂ ಮುಂದಿನ ಸೆಮಿಸ್ಟರಿನಲ್ಲಿ ಭಯವನ್ನು ಹೆಚ್ಚಿಸಿಯೇ ಹಿಂದಿರುಗಿಸುತ್ತದೆ.

ಆಯ್ಕೆಗೆ ಮೊದಲು ತೊಂದರೆ ಯಾವುದೆಂದು ತಿಳಿಯುವುದು

ಸಂಕೋಚ ಕಾಯಿಲೆಯಲ್ಲ. ಹೊಸಬರೆದುರು ಮೊದಲ ಕೆಲವು ದಿನ ಮೌನವಾಗಿದ್ದು, ಪರಿಚಯವಾದ ಮೇಲೆ ಸಲೀಸಾಗಿ ಮಾತನಾಡುವ ವ್ಯಕ್ತಿಗೆ ಚಿಕಿತ್ಸೆ ಬೇಕಿಲ್ಲ. ವೈದ್ಯರು ಸಾಮಾಜಿಕ ಆತಂಕ ಎಂದು ಗುರುತಿಸುವುದು ಸಾಮಾನ್ಯವಾಗಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಇರುವ, ಸನ್ನಿವೇಶದ ನಿಜವಾದ ಅಪಾಯಕ್ಕೆ ಹೋಲಿಸಿದರೆ ಅತಿಯಾದ, ಓದು, ಸ್ನೇಹ, ಊಟದಂಥ ದಿನನಿತ್ಯದ ವ್ಯವಹಾರಕ್ಕೆ ಅಡ್ಡಿಯಾಗುವ ಭಯವನ್ನು. ಇದು ಹದಿಹರೆಯದಲ್ಲಿಯೇ ತಲೆದೋರುವುದು ಸಾಮಾನ್ಯ. ಆದ್ದರಿಂದ ಕಾಲೇಜಿನಲ್ಲಿ ಹೊಸದಾಗಿ ಬಂದಂತೆ ಕಂಡದ್ದು ಹಲವರಲ್ಲಿ ಹೈಸ್ಕೂಲಿನಿಂದಲೇ ಇದ್ದಿರುತ್ತದೆ.

ನಮ್ಮಲ್ಲಿ ಇದರ ಜೊತೆ ಬೆರೆತುಹೋಗುವ ಇನ್ನೊಂದು ಸಂಗತಿ ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಎದ್ದು ನಿಲ್ಲಬೇಕಾದಾಗ ಕೈ ಬೆವರುವುದು ಸಹಜ. ಇದು ಭಾಷೆಯ ಹಿಂಜರಿಕೆಯೋ ಆತಂಕವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಅದೇ ವಿಷಯವನ್ನು ಕನ್ನಡದಲ್ಲಿ ಹೇಳಲು ಬಿಟ್ಟರೆ ಭಯ ಬಹುಪಾಲು ಇಳಿಯುತ್ತದೆಯೇ? ಇಳಿಯುವುದಾದರೆ ಬೇಕಾಗಿರುವುದು ಭಾಷೆಯ ಅಭ್ಯಾಸ. ಕನ್ನಡದಲ್ಲಿಯೂ ಎದೆ ಅಷ್ಟೇ ಹೊಡೆದುಕೊಳ್ಳುತ್ತದೆ, ಕ್ಯಾಂಟೀನಿನಲ್ಲಿ ಕಾಫಿ ಕೇಳುವಾಗಲೂ, ಬಸ್ಸಿನಲ್ಲಿ ಕಂಡಕ್ಟರನ್ನು ಚಿಲ್ಲರೆ ಕೇಳುವಾಗಲೂ ಹಾಗೇ ಆಗುತ್ತದೆ ಎಂದಾದರೆ ಇಂಗ್ಲಿಷನ್ನು ದೂರಿ ಪ್ರಯೋಜನವಿಲ್ಲ. ಎರಡೂ ಇರುವವರೂ ಇದ್ದಾರೆ, ಮತ್ತು ಅವರು ಎರಡನ್ನೂ ಬೇರೆಬೇರೆಯಾಗಿಯೇ ನೋಡಿಕೊಳ್ಳಬೇಕು.

ಉಗ್ಗು ಇರುವವರದ್ದು ಮತ್ತೊಂದು ಬಗೆ. ಅವರಲ್ಲಿ ಆತಂಕವೂ ಸೇರಿಕೊಂಡಿರುವುದುಂಟು. ಆದರೆ ವಾಕ್ ಚಿಕಿತ್ಸೆ ಕೊಡುವವರನ್ನು ಮೊದಲು ಕಾಣುವುದು ಸರಿಯಾದ ದಾರಿ. ಅದಕ್ಕೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಇನ್ನೊಂದು ಮಾತನ್ನು ಇಲ್ಲಿಯೇ ಒತ್ತಿ ಹೇಳಬೇಕು. ನಿಮ್ಮ ಜಾತಿಗಾಗಿ, ಮೈಬಣ್ಣಕ್ಕಾಗಿ, ಹಳ್ಳಿಯ ಮಾತಿನ ಧಾಟಿಗಾಗಿ ತರಗತಿಯವರು ನಿಜವಾಗಿಯೂ ಹಂಗಿಸುತ್ತಿದ್ದರೆ ನಿಮ್ಮ ಭಯ ಅತಿಯಾದದ್ದಲ್ಲ, ಅದಕ್ಕೆ ಕಾರಣ ಕಣ್ಣೆದುರಿಗೇ ಇದೆ. ಅಲ್ಲಿ ತಿದ್ದಬೇಕಾಗಿರುವುದು ಹಂಗಿಸುವವರನ್ನು. ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿ ಮತ್ತು ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಇರುವುದು ಅದಕ್ಕಾಗಿ. ಅವಮಾನ ಮಾಡುವವರ ನಡುವೆ ಧೈರ್ಯ ತಂದುಕೊ ಎಂದು ಒಬ್ಬ ಹುಡುಗಿಗೆ ಹೇಳುವುದು ಸಲಹೆಯಲ್ಲ, ಅನ್ಯಾಯ.

ಸುಮ್ಮನೆ ಕಾಯುವುದು, ತಪ್ಪಿಸಿಕೊಳ್ಳುವುದು

ಇದನ್ನೂ ಒಂದು ಆಯ್ಕೆಯೆಂದೇ ಪರಿಗಣಿಸಬೇಕು, ಏಕೆಂದರೆ ಹೆಚ್ಚಿನವರು ಆರಿಸಿಕೊಳ್ಳುವುದು ಇದನ್ನೇ. ಇದಕ್ಕೆ ಹಣ ಬೇಡ, ಯಾರಿಗೂ ಹೇಳಬೇಕಾಗಿಲ್ಲ, ಮತ್ತು ಫಲ ತಕ್ಷಣ ಸಿಗುತ್ತದೆ: ಸೆಮಿನಾರಿಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ ಗಳಿಗೆಯಲ್ಲಿಯೇ ಎದೆಯ ಬಡಿತ ಇಳಿಯುತ್ತದೆ. ಆ ನೆಮ್ಮದಿಯೇ ಇದರ ಅಪಾಯ. ತಪ್ಪಿಸಿಕೊಂಡದ್ದರಿಂದಲೇ ಉಳಿದೆ ಎಂದು ಮನಸ್ಸು ಕಲಿತುಬಿಡುತ್ತದೆ. ಹೋಗಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ಅವಕಾಶ ಇಲ್ಲವಾಗುತ್ತದೆ. ಮುಂದಿನ ಸಲ ಅದೇ ಕೆಲಸ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ತಪ್ಪಿಸಿಕೊಳ್ಳುವುದೆಂದರೆ ಗೈರುಹಾಜರಾಗುವುದಷ್ಟೇ ಅಲ್ಲ. ತರಗತಿಯಲ್ಲಿ ಕುಳಿತೇ ತಪ್ಪಿಸಿಕೊಳ್ಳಬಹುದು. ಸ್ಲೈಡಿನ ಅಕ್ಷರಗಳನ್ನೇ ತಲೆ ಎತ್ತದೆ ಓದುವುದು, ಕೈ ನಡುಗುವುದು ಕಾಣದಿರಲೆಂದು ಪೆನ್ನನ್ನು ಬಿಗಿಯಾಗಿ ಹಿಡಿಯುವುದು, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಸಲ ಉರುಹೊಡೆಯುವುದು, ಗೆಳೆಯನನ್ನೇ ಮುಂದೆ ಬಿಟ್ಟು ಅವನ ಹಿಂದೆ ನಿಲ್ಲುವುದು, ಇವನ್ನು ಮನಶ್ಶಾಸ್ತ್ರಜ್ಞರು ಸುರಕ್ಷತಾ ವರ್ತನೆಗಳು ಎನ್ನುತ್ತಾರೆ. ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ವಿವರಣೆಯ ತಿರುಳು ಇದು: ಆತಂಕದಲ್ಲಿರುವ ವ್ಯಕ್ತಿಯ ಗಮನವೆಲ್ಲ ಒಳಮುಖವಾಗಿ ತಿರುಗುತ್ತದೆ, ಅವನಿಗೆ ತನ್ನ ಎದೆಬಡಿತ, ಬೆವರು, ನಡುಕ ಮಾತ್ರ ತಿಳಿಯುತ್ತವೆ, ಹಾಗೆ ಒಳಗೆ ಅನ್ನಿಸಿದ್ದೇ ಹೊರಗಿನವರಿಗೂ ಕಾಣುತ್ತಿದೆ ಎಂದು ಅವನು ನಂಬುತ್ತಾನೆ. ಎದುರಿನವರ ಮುಖವನ್ನು ಅವನು ನಿಜವಾಗಿ ನೋಡುವುದೇ ಇಲ್ಲವಾದ್ದರಿಂದ ಆ ನಂಬಿಕೆ ಸುಳ್ಳಾಗುವ ಸಂದರ್ಭವೂ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ರಾತ್ರಿ ಮಲಗಿದಾಗ ನಡೆದದ್ದನ್ನೆಲ್ಲ ಮತ್ತೆ ಮತ್ತೆ ಮೆಲುಕು ಹಾಕಿ, ಪ್ರತಿ ಸಲವೂ ಅದನ್ನು ಇನ್ನಷ್ಟು ಕೆಟ್ಟದಾಗಿ ನೆನೆಯುತ್ತಾನೆ.

ಇತರರು ನಮ್ಮನ್ನು ಎಷ್ಟು ಗಮನಿಸುತ್ತಾರೆ ಎಂಬುದರ ಬಗ್ಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಮೇಲೆಯೇ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮುಜುಗರ ತರುವಂಥ ಚಿತ್ರವಿರುವ ಟಿ-ಶರ್ಟ್ ಹಾಕಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಇತರರು ಕುಳಿತಿದ್ದ ಕೋಣೆಯೊಳಕ್ಕೆ ಕಳುಹಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಅದನ್ನು ಗುರುತಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದಾಜು ಮಾಡಿದರು. ನಿಜವಾಗಿ ಗುರುತಿಸಿದ್ದವರು ಸುಮಾರು ಕಾಲು ಭಾಗ. ಆ ವಿದ್ಯಾರ್ಥಿಗಳು ಆತಂಕದ ಕಾಯಿಲೆಯವರೆಂದು ಆರಿಸಲ್ಪಟ್ಟವರಲ್ಲ ಎಂಬುದನ್ನೂ ಗಮನಿಸಬೇಕು. ಈ ಲೆಕ್ಕ ತಪ್ಪುವುದು ಎಲ್ಲರಲ್ಲೂ ಇದೆ.

ಕಾಯುವುದಕ್ಕೆ ಕಾಲೇಜಿನಲ್ಲಿ ಇನ್ನೊಂದು ಬೆಲೆಯೂ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಶೇ. 85ರಷ್ಟು ಹಾಜರಿ ಬೇಕು; ಉಳಿದ ಹಲವು ವಿಶ್ವವಿದ್ಯಾಲಯಗಳಲ್ಲಿ ಶೇ. 75. ಭಯದಿಂದ ಬಿಟ್ಟ ತರಗತಿಗಳು ಕೊನೆಗೆ ಪರೀಕ್ಷೆಗೇ ಕೂರದಂತೆ ಮಾಡುವಷ್ಟಾದಾಗ ವಿಭಾಗದ ಮುಖ್ಯಸ್ಥರೆದುರು ನಿಂತು ಕಾರಣ ಹೇಳಬೇಕಾಗುತ್ತದೆ, ಅದು ತಪ್ಪಿಸಿಕೊಂಡ ಸೆಮಿನಾರಿಗಿಂತ ಕಷ್ಟದ ಕೆಲಸ.

ತಾನೇ ಅಭ್ಯಾಸ ಮಾಡುವುದು

ತರಗತಿಗೆ ಹೋಗುತ್ತಿದ್ದೀರಿ, ಊಟ ನಿದ್ದೆ ಸರಿಯಾಗಿದೆ, ಕೆಲವು ಸನ್ನಿವೇಶಗಳು ಮಾತ್ರ ಕಷ್ಟ ಎಂದಾದರೆ ಮೊದಲು ಇದನ್ನು ಪ್ರಯತ್ನಿಸಬಹುದು. ಹೆದರಿಕೆಯ ಸನ್ನಿವೇಶಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು, ಕಡಿಮೆಯದರಿಂದ ಮೇಲಕ್ಕೆ ಹೋಗುವುದು ಇದರ ಕ್ರಮ. ಸೆಮಿನಾರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹಾಜರಿಗೆ ಸ್ಪಷ್ಟವಾಗಿ ಕೇಳುವಂತೆ ಉತ್ತರಿಸುವುದು ಮೊದಲನೆಯದಾಗಬಹುದು. ಅನಂತರ ಪಕ್ಕದ ಬೆಂಚಿನವರನ್ನು ನೋಟ್ಸ್ ಕೇಳುವುದು, ಒಂದೇ ಒಂದು ಸಂದೇಹ ಹಿಡಿದು ಅಧ್ಯಾಪಕರ ಕೊಠಡಿಗೆ ಹೋಗುವುದು, ಮೂವರು ಗೆಳೆಯರೆದುರು ಐದು ನಿಮಿಷ ವಿಷಯವನ್ನು ಕನ್ನಡದಲ್ಲಿ ವಿವರಿಸುವುದು, ಖಾಲಿ ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಇಡೀ ಸೆಮಿನಾರನ್ನು ಹೇಳುವುದು, ತರಗತಿಯ ನಡುವೆ ಕೈಯೆತ್ತಿ ಒಂದು ಪ್ರಶ್ನೆ ಕೇಳುವುದು, ಆಮೇಲೆ ಸೆಮಿನಾರ್. ಪ್ರತಿ ಹೆಜ್ಜೆಯನ್ನೂ ಹಲವು ಸಲ ಮಾಡಬೇಕು, ಮತ್ತು ಒಂದಕ್ಕೂ ಇನ್ನೊಂದಕ್ಕೂ ನಡುವೆ ವಾರಗಟ್ಟಲೆ ಬಿಡಬಾರದು.

ಬರಿದೇ ಸಹಿಸಿಕೊಂಡು ನಿಂತರೆ ಇದರಿಂದ ಪೂರ್ತಿ ಪ್ರಯೋಜನವಿಲ್ಲ. ಹೋಗುವ ಮುನ್ನ ‘ಏನಾಗುತ್ತದೆಂದು ನನಗೆ ಭಯ’ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಬಂದ ಮೇಲೆ ‘ಏನಾಯಿತು’ ಎಂಬುದನ್ನು ಅದರ ಪಕ್ಕದಲ್ಲಿ ಬರೆಯಿರಿ. ‘ಎಲ್ಲರೂ ನಗುತ್ತಾರೆ’ ಎಂದು ಬರೆದ ಪಕ್ಕದಲ್ಲಿ ‘ಇಬ್ಬರು ಮೊಬೈಲ್ ನೋಡುತ್ತಿದ್ದರು, ಒಬ್ಬಳು ತಲೆಯಾಡಿಸಿದಳು’ ಎಂದು ಬರೆಯಬೇಕಾದಾಗ ಆಗುವ ಕಲಿಕೆ ಯಾರ ಸಮಾಧಾನದ ಮಾತಿನಿಂದಲೂ ಆಗುವುದಿಲ್ಲ. ಕ್ಲಾರ್ಕ್ ಅವರ ಚಿಕಿತ್ಸಾಕ್ರಮದಲ್ಲಿ ವಿಡಿಯೊ ಬಳಸುತ್ತಾರೆ, ಅದನ್ನು ಮೊಬೈಲಿನಿಂದ ನೀವೂ ಮಾಡಬಹುದು. ಮಾತನಾಡುವುದನ್ನು ಚಿತ್ರೀಕರಿಸಿ, ನೋಡುವ ಮೊದಲು ನಿಮ್ಮ ಮುಖ ಎಷ್ಟು ಕೆಂಪಾಗಿ, ಕೈ ಎಷ್ಟು ನಡುಗಿ ಕಾಣುತ್ತದೆಂದು ಬರೆದಿಟ್ಟು, ಅನಂತರ ಅದು ಬೇರೆ ಯಾರದೋ ವಿಡಿಯೊ ಎಂಬಂತೆ ನೋಡಿ. ಒಳಗೆ ಅನ್ನಿಸಿದ್ದಕ್ಕೂ ಹೊರಗೆ ಕಂಡದ್ದಕ್ಕೂ ಇರುವ ಅಂತರ ಹೆಚ್ಚಿನವರಿಗೆ ಆಶ್ಚರ್ಯ ತರುತ್ತದೆ.

ಈ ದಾರಿಯ ಕೊರತೆಯೆಂದರೆ ಒಬ್ಬರೇ ಮಾಡುವಾಗ ಕಷ್ಟದ ಹೆಜ್ಜೆಯ ಬಳಿ ನಿಂತುಬಿಡುವುದು, ಅಥವಾ ಸುರಕ್ಷತಾ ವರ್ತನೆಗಳನ್ನು ಬಿಡದೆಯೇ ಹೆಜ್ಜೆ ಹತ್ತುವುದು. ಸೆಮಿನಾರ್ ಕೊಟ್ಟೆ, ಆದರೆ ಆರಂಭದಿಂದ ಕೊನೆಯವರೆಗೆ ಸ್ಲೈಡನ್ನೇ ಓದಿದೆ ಎಂದಾದರೆ ಮನಸ್ಸು ಶ್ರೇಯಸ್ಸನ್ನು ಸ್ಲೈಡಿಗೆ ಕೊಡುತ್ತದೆ. ಆರರಿಂದ ಎಂಟು ವಾರ ಪ್ರಾಮಾಣಿಕವಾಗಿ ಮಾಡಿಯೂ ಭಯಕ್ಕೆ ಕೊಟ್ಟ ಅಂಕಗಳು ಇಳಿಯದಿದ್ದರೆ ಮುಂದಿನ ಆಯ್ಕೆಗೆ ಹೋಗಬೇಕು.

ಸ್ಪೋಕನ್ ಇಂಗ್ಲಿಷ್, ವ್ಯಕ್ತಿತ್ವ ವಿಕಸನ, ಧ್ಯಾನ

ನಮ್ಮ ಪಟ್ಟಣಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಸ್ಪೋಕನ್ ಇಂಗ್ಲಿಷ್ ಮತ್ತು ವ್ಯಕ್ತಿತ್ವ ವಿಕಸನದ ತರಗತಿಗಳು, ಮನೆಯವರು ಹಣ ಕೊಡಲು ಹಿಂಜರಿಯದ ಆಯ್ಕೆಯೂ ಇದೇ. ಭಾಷೆಯೇ ಅಡ್ಡಿಯಾಗಿರುವವರಿಗೆ ಇವು ಉಪಯುಕ್ತ. ಸಣ್ಣ ಗುಂಪಿದ್ದು, ಪ್ರತಿಯೊಬ್ಬರೂ ಪ್ರತಿ ತರಗತಿಯಲ್ಲೂ ಮಾತನಾಡಲೇಬೇಕೆಂಬ ಕ್ರಮವಿದ್ದರೆ ಸಾಮಾಜಿಕ ಆತಂಕ ಇರುವವರಿಗೂ ಅಭ್ಯಾಸದ ಜಾಗವಾಗಬಲ್ಲವು. ಆದರೆ ‘ಹೇಗೆ ನಿಲ್ಲಬೇಕು, ಕೈ ಎಲ್ಲಿ ಇಡಬೇಕು, ಹೇಗೆ ನಗಬೇಕು’ ಎಂದು ಕಲಿಸುವ ತರಬೇತಿ ಆತಂಕದವರ ಗಮನವನ್ನು ಮತ್ತೆ ತಮ್ಮ ಮೇಲೆಯೇ ತಿರುಗಿಸುತ್ತದೆ, ಅವರಿಗೆ ಬೇಕಾಗಿರುವುದಕ್ಕೆ ಇದು ತದ್ವಿರುದ್ಧ. ಅವರಲ್ಲಿ ಹೆಚ್ಚಿನವರಿಗೆ ಮಾತನಾಡುವ ಕೌಶಲ ಇದ್ದೇ ಇದೆ. ತಮ್ಮನ ಜೊತೆ, ಆಪ್ತ ಗೆಳತಿಯ ಜೊತೆ ಅವರು ಚೆನ್ನಾಗಿಯೇ ಮಾತನಾಡುತ್ತಾರೆ.

ಧ್ಯಾನ, ಪ್ರಾಣಾಯಾಮಗಳಿಂದ ನಿದ್ದೆ ಮತ್ತು ದೇಹದ ಬಿಗಿತಕ್ಕೆ ಸಹಾಯವಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಸಾಮಾಜಿಕ ಆತಂಕದ ಚಿಕಿತ್ಸೆಗೆ ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2013ರಲ್ಲಿ ಹೊರಡಿಸಿದ ಸೂಚನೆಗಳು ಧ್ಯಾನಾಧಾರಿತ ಕ್ರಮಗಳನ್ನು ಮಾಮೂಲಾಗಿ ನೀಡಬಾರದೆಂದೇ ಹೇಳುತ್ತವೆ. ಸೆಮಿನಾರಿಗೆ ಹೋಗುವ ಮುನ್ನ ಉಸಿರಾಟದ ಅಭ್ಯಾಸ ಮಾಡಿ ಹೋಗುವುದು ಸರಿ, ಹೋಗುವುದರ ಬದಲು ಅದನ್ನು ಮಾಡುವುದು ಸರಿಯಲ್ಲ.

ಯಾರನ್ನು ಕಾಣುವುದು: ಕಾಲೇಜು, ಫೋನು, ಆಸ್ಪತ್ರೆ

ಕಾಲೇಜಿನ ಆಪ್ತಸಮಾಲೋಚಕರು ಹತ್ತಿರದಲ್ಲಿದ್ದಾರೆ, ಉಚಿತ, ಮತ್ತು ಅಧ್ಯಾಪಕರೊಡನೆ ಮಾತನಾಡಿ ಸೆಮಿನಾರಿನ ಏರ್ಪಾಡು ಬದಲಿಸುವ ಶಕ್ತಿ ಅವರಿಗಿದೆ. ಇದು ಬೇರೆ ಯಾರಿಂದಲೂ ಆಗದ ಕೆಲಸ. ಆದರೆ ಎಲ್ಲ ಕಾಲೇಜುಗಳಲ್ಲೂ ಪೂರ್ಣಾವಧಿಯ ಆಪ್ತಸಮಾಲೋಚಕರಿಲ್ಲ. ಕೆಲವೆಡೆ ಮೆಂಟರ್ ಆಗಿರುವ ಅಧ್ಯಾಪಕರೇ ಆ ಕೆಲಸವನ್ನೂ ನೋಡಿಕೊಳ್ಳುತ್ತಾರೆ, ನಿಮ್ಮ ಇಂಟರ್ನಲ್ಸ್ ಅಂಕ ಕೊಡುವವರೂ ಅವರೇ ಆಗಿರಬಹುದು. ಆದ್ದರಿಂದ ಮೊದಲ ಭೇಟಿಯಲ್ಲಿ ನೇರವಾಗಿಯೇ ಕೇಳಿ: ನಾನು ಹೇಳಿದ್ದು ಯಾರಿಗೆ ತಿಳಿಯುತ್ತದೆ? ಮನೆಗೆ ಫೋನ್ ಮಾಡುತ್ತೀರಾ? ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆಡೆ ಹೋಗುವುದು ಒಳ್ಳೆಯದು.

ಎದುರಿಗೆ ಕುಳಿತು ಹೇಳುವುದೇ ಅಸಾಧ್ಯ ಅನ್ನಿಸುವವರಿಗೆ ಟೆಲಿ ಮನಸ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತರಬೇತಾದ ಸಮಾಲೋಚಕರು ಮೊದಲು ಮಾತನಾಡಿ, ಅಗತ್ಯವಿದ್ದರೆ ತಜ್ಞರ ಕಡೆಗೆ ದಾಟಿಸುತ್ತಾರೆ. ಆರಂಭಕ್ಕೆ ಇದಕ್ಕಿಂತ ಸುಲಭವಾದ ಬಾಗಿಲನ್ನು ನಾನು ಕಾಣೆ. ಆದರೆ ತಿಂಗಳುಗಟ್ಟಲೆ ನಡೆಯುವ, ಹೆಜ್ಜೆ ಹೆಜ್ಜೆಯಾಗಿ ಎದುರಿಸಲು ಕಲಿಸುವ ಚಿಕಿತ್ಸೆಗೆ ಫೋನ್ ಕರೆ ಸಾಟಿಯಲ್ಲ. ಆನ್‌ಲೈನ್ ಸಮಾಲೋಚನೆಗೂ ಈ ಮಾತು ಸ್ವಲ್ಪಮಟ್ಟಿಗೆ ಅನ್ವಯಿಸುತ್ತದೆ: ಕ್ಯಾಮೆರಾ ಮುಚ್ಚಿ ಚಾಟ್‌ನಲ್ಲಿ ಮಾತ್ರ ಮಾತನಾಡುವ ಏರ್ಪಾಡು ಒಂದೆರಡು ವಾರಕ್ಕೆ ಸರಿ, ಅದೇ ಕಾಯಂ ಆದರೆ ಅದೂ ತಪ್ಪಿಸಿಕೊಳ್ಳುವ ಹೊಸ ಬಗೆಯಾಗುತ್ತದೆ.

ಆಸ್ಪತ್ರೆಯೆಂದರೆ ಬೆಂಗಳೂರಿಗೇ ಹೋಗಬೇಕೆಂದು ಹಲವರು ಭಾವಿಸುತ್ತಾರೆ. ಹಾಗಿಲ್ಲ. ನಿಮ್ಹಾನ್ಸ್ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರಿಂದಾಗಿ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರಗಳಲ್ಲಿ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗಬೇಕು. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಹತ್ತಿರ. ಖಾಸಗಿಯಾಗಿ ಹೋಗುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದು ಒಳ್ಳೆಯದು. ಅದನ್ನು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಗೋಪ್ಯತೆಯ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ನಿಮ್ಮ ಪರವಾಗಿದೆ. 18 ತುಂಬಿದವರು ಸ್ವತಃ ಹೋಗಿ ಚಿಕಿತ್ಸೆ ಪಡೆಯಬಹುದು, ಮತ್ತು ಜೀವಕ್ಕೆ ಅಪಾಯದಂಥ ಕಾನೂನು ಹೇಳಿದ ಸಂದರ್ಭಗಳ ಹೊರತು ಚಿಕಿತ್ಸೆಯ ವಿವರಗಳನ್ನು ವೈದ್ಯರು ಬೇರೆಯವರಿಗೆ ತಿಳಿಸುವಂತಿಲ್ಲ.

ಅರಿವಿನ ವರ್ತನಾ ಚಿಕಿತ್ಸೆ: ಒಬ್ಬರಿಗೋ ಗುಂಪಿನಲ್ಲೋ

ಭಯದ ಹಿಂದಿರುವ ನಂಬಿಕೆಗಳನ್ನು ಪರೀಕ್ಷಿಸಿ, ಹೆದರುವ ಸನ್ನಿವೇಶಗಳನ್ನು ಹೆಜ್ಜೆ ಹೆಜ್ಜೆಯಾಗಿ ಎದುರಿಸಲು ಕಲಿಸುವ, ಸಿಬಿಟಿ ಎಂದು ಕರೆಯುವ ಈ ಚಿಕಿತ್ಸೆಗೆ ಸಾಮಾಜಿಕ ಆತಂಕದಲ್ಲಿ ಇರುವಷ್ಟು ಆಧಾರ, ಮಾತ್ರೆಯಿಲ್ಲದೆ ಮಾತುಕತೆಯ ಮೂಲಕ ಕೊಡುವ ಬೇರೆ ಯಾವ ಚಿಕಿತ್ಸೆಗೂ ಇಲ್ಲ. 2014ರಲ್ಲಿ ಪ್ರಕಟವಾದ, 101 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದರಲ್ಲಿ ಒಬ್ಬೊಬ್ಬರಿಗೇ ಕೊಡುವ ಸಿಬಿಟಿ ಮಾತಿನ ಚಿಕಿತ್ಸೆಗಳಲ್ಲಿ ಮುಂದಿತ್ತು. ಕ್ಲಾರ್ಕ್ ಕ್ರಮದಲ್ಲಿ ಸುಮಾರು ನಾಲ್ಕು ತಿಂಗಳಲ್ಲಿ 90 ನಿಮಿಷಗಳ 14 ಭೇಟಿಗಳವರೆಗೆ ಇರುತ್ತವೆ, ಅಂದರೆ ಹೆಚ್ಚುಕಡಿಮೆ ಒಂದು ಸೆಮಿಸ್ಟರ್. ವಾರಕ್ಕೊಮ್ಮೆ ಶುಲ್ಕ ಕೊಡುವುದು ಖಾಸಗಿಯಲ್ಲಿ ಹಲವರಿಗೆ ಹೊರೆ. ಸರ್ಕಾರಿ ಸಂಸ್ಥೆಗಳಲ್ಲಿ ಖರ್ಚು ಕಡಿಮೆ, ಕಾಯಬೇಕಾದ ದಿನಗಳು ಹೆಚ್ಚು.

ಗುಂಪಿನ ಚಿಕಿತ್ಸೆಯನ್ನು ಅಮೆರಿಕದ ರಿಚರ್ಡ್ ಹೈಂಬರ್ಗ್ ಬೆಳೆಸಿದರು. ಜನರ ಭಯವಿರುವವರನ್ನೇ ಒಂದೆಡೆ ಕೂರಿಸುವುದು ಮೊದಲ ಕೇಳ್ವಿಗೆ ಕ್ರೂರವೆನಿಸಬಹುದು. ಆದರೆ ಅಲ್ಲಿ ಎದುರಿಸುವ ಅಭ್ಯಾಸಕ್ಕೆ ಜನ ಸಿದ್ಧವಾಗಿಯೇ ಇರುತ್ತಾರೆ, ಇನ್ನೊಬ್ಬರ ಕೈ ನಡುಗುವುದು ತನಗೆ ಎಷ್ಟು ಕಡಿಮೆ ಕಾಣುತ್ತದೆ ಎಂಬುದನ್ನು ಪ್ರತಿಯೊಬ್ಬರೂ ಕಣ್ಣಾರೆ ನೋಡುತ್ತಾರೆ. ಹತ್ತಿರದಲ್ಲಿ ಎರಡೂ ಸಿಗುವುದಾದರೆ ಹೆಚ್ಚು ತೀವ್ರ ಆತಂಕದವರು ಒಬ್ಬರದೇ ಚಿಕಿತ್ಸೆಯಿಂದ ಆರಂಭಿಸಲಿ ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಬಹುಪಾಲು ಊರುಗಳಲ್ಲಿ ಗುಂಪಿನ ಚಿಕಿತ್ಸೆ ಸಿಗುವುದೇ ಅಪರೂಪವಾದ್ದರಿಂದ ಈ ಚರ್ಚೆಯನ್ನು ಬೆಳೆಸುವುದಿಲ್ಲ. ಎಲ್ಲಿಗೇ ಹೋದರೂ ಒಂದನ್ನು ಗಮನಿಸಿ: ನಾಲ್ಕೈದು ಭೇಟಿಗಳ ನಂತರವೂ ಬಾಲ್ಯದ ಕತೆಯ ಹೊರತು ಬೇರೇನೂ ನಡೆದಿಲ್ಲ, ಮಾಡಿಕೊಂಡು ಬರಬೇಕೆಂದು ಒಂದು ಕೆಲಸವನ್ನೂ ಕೊಟ್ಟಿಲ್ಲ ಎಂದಾದರೆ ಅದು ಸಿಬಿಟಿ ಅಲ್ಲ.

ಮಾತ್ರೆಗಳು

ಮಾತ್ರೆಯ ಬಗ್ಗೆ ನಮ್ಮಲ್ಲಿರುವ ಹೆದರಿಕೆ ಎಷ್ಟೋ ಮಂದಿಗೆ ಸಿಗಬೇಕಾದ ನೆರವನ್ನು ತಡೆದಿದೆ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಮನೋವೈದ್ಯರು ಸಾಮಾನ್ಯವಾಗಿ ಕೊಡುವುದು ಖಿನ್ನತೆಗೂ ಆತಂಕಕ್ಕೂ ಬಳಸುವ ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಎಸಿಟಲೊಪ್ರಾಮ್, ಸರ್ಟ್ರಲಿನ್ ಮುಂತಾದವನ್ನು. ಇವು ಚಟ ಹಿಡಿಸುವ ಮತ್ತಿನ ಮಾತ್ರೆಗಳಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ಪೂರ್ತಿ ಅಳೆಯಲು ಎರಡು ಮೂರು ತಿಂಗಳು. ಆರಂಭದ ದಿನಗಳಲ್ಲಿ ವಾಕರಿಕೆ, ನಿದ್ದೆಯ ಏರುಪೇರು, ಚಡಪಡಿಕೆ ಬರಬಹುದು. 25ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಇರುವುದರಿಂದ ವೈದ್ಯರು ಹೇಳಿದ ದಿನ ಮತ್ತೆ ಹೋಗಿ ತೋರಿಸಲೇಬೇಕು. ಹುಷಾರಾಯಿತೆಂದು ಒಮ್ಮೆಲೇ ನಿಲ್ಲಿಸಬಾರದು. ಜನೌಷಧಿ ಕೇಂದ್ರಗಳಲ್ಲಿ ಇಂಥ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ಹಾಗಾಗಿ ಖರ್ಚಿನ ದೃಷ್ಟಿಯಿಂದ ವಾರವಾರದ ಮಾತಿನ ಚಿಕಿತ್ಸೆಗಿಂತ ಇದು ಹಗುರ.

ಎರಡರಲ್ಲಿ ಯಾವುದು ಮೇಲು? ಹೈಂಬರ್ಗ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫೀನೆಲ್ಜಿನ್ ಎಂಬ ಆಗಿನ ಮಾತ್ರೆಯನ್ನೂ ಗುಂಪಿನ ಸಿಬಿಟಿಯನ್ನೂ 12 ವಾರ ಹೋಲಿಸಿದಾಗ ಮಾತ್ರೆ ಬೇಗ ಫಲ ಕೊಟ್ಟಿತು, ಕೊನೆಗೆ ಎರಡರಲ್ಲೂ ಗುಣ ಕಂಡವರ ಪ್ರಮಾಣ ಹತ್ತಿರಹತ್ತಿರವಿತ್ತು. ಚಿಕಿತ್ಸೆ ನಿಲ್ಲಿಸಿದ ಮೇಲೆ ತೊಂದರೆ ಮರುಕಳಿಸುವ ಒಲವು ಮಾತ್ರೆಯವರಲ್ಲಿ ಹೆಚ್ಚಿತ್ತು. ಇದು ಹಳೆಯ ಮಾತ್ರೆಯ ಕತೆಯಾದರೂ ಆಯ್ಕೆಗೆ ಬೇಕಾದ ತಿಳಿವಳಿಕೆ ಇದರಲ್ಲಿದೆ. ಹಾಸಿಗೆ ಬಿಟ್ಟು ಏಳಲಾಗದಷ್ಟು, ತರಗತಿಯನ್ನೇ ಬಿಟ್ಟಿರುವಷ್ಟು ತೀವ್ರವಾಗಿದ್ದರೆ, ಜೊತೆಗೆ ಖಿನ್ನತೆಯೂ ಇದ್ದರೆ, ಅಥವಾ ಸಿಬಿಟಿ ಬಲ್ಲವರು ಹತ್ತಿರದಲ್ಲಿಲ್ಲದಿದ್ದರೆ ಮಾತ್ರೆಯಿಂದ ಆರಂಭಿಸುವುದು ವಿವೇಕ. ಅದರಿಂದ ದೊರೆತ ನೆಮ್ಮದಿಯನ್ನು ಮೆಸ್ಸಿಗೆ, ತರಗತಿಗೆ, ಸೆಮಿನಾರಿಗೆ ಹೋಗುವುದಕ್ಕೆ ಬಳಸಬೇಕು. ರೂಮಿನಲ್ಲಿಯೇ ಕುಳಿತು ಮಾತ್ರೆ ನುಂಗಿದರೆ ಕಲಿಯುವುದೇನೂ ಇರುವುದಿಲ್ಲ.

ಪ್ರೊಪ್ರನಲಾಲ್ ಬೇರೆ ಬಗೆಯದು. ವೇದಿಕೆಯ ಮೇಲಿನ ನಡುಕ, ಎದೆಬಡಿತಗಳನ್ನು ತಗ್ಗಿಸಲು ಕೆಲವರು ಭಾಷಣಕ್ಕೆ ಮುನ್ನ ತೆಗೆದುಕೊಳ್ಳುತ್ತಾರೆ. ಎಲ್ಲ ಸನ್ನಿವೇಶಗಳಲ್ಲೂ ಇರುವ ಆತಂಕಕ್ಕೆ ಇದು ಮದ್ದಲ್ಲ, ಮತ್ತು ಆಸ್ತಮಾ ಇರುವವರಿಗೆ ಅಪಾಯಕಾರಿ. ಸೀನಿಯರ್ ಕೊಟ್ಟ ಮಾತ್ರೆಯನ್ನು ನುಂಗಿ ವೈವಾಗೆ ಹೋಗಬೇಡಿ. ಆಲ್‌ಪ್ರಜೋಲಮ್, ಕ್ಲೊನಾಜೆಪಾಮ್‌ನಂಥ ಶಮನಕಾರಿ ಮಾತ್ರೆಗಳು ತಕ್ಷಣ ಶಾಂತ ಮಾಡುತ್ತವೆ, ಅಷ್ಟೇ ಬೇಗ ಅವಲಂಬನೆ ಬೆಳೆಸುತ್ತವೆ. ಪಾರ್ಟಿಗೆ ಹೋಗುವ ಧೈರ್ಯಕ್ಕೆಂದು ಆರಂಭವಾಗುವ ಬಿಯರ್ ಕೂಡ ಈ ಸಾಲಿಗೇ ಸೇರಿದ್ದು.

ಕಾಲೇಜಿನಿಂದ ರಿಯಾಯಿತಿ ಕೇಳುವುದು

ಚಿಕಿತ್ಸೆ ಫಲ ಕೊಡುವುದರೊಳಗೆ ಸೆಮಿನಾರಿನ ದಿನ ಬಂದುಬಿಡಬಹುದು. ಆಗ ಅಧ್ಯಾಪಕರಲ್ಲಿ ರಿಯಾಯಿತಿ ಕೇಳುವುದರಲ್ಲಿ ತಪ್ಪಿಲ್ಲ, ಕೇಳುವ ಬಗೆ ಮುಖ್ಯ. ‘ನನಗೆ ಸೆಮಿನಾರ್ ಬೇಡ, ಬದಲಿಗೆ ಅಸೈನ್‌ಮೆಂಟ್ ಕೊಡಿ’ ಎಂಬುದು ದೂರ ಸರಿಸುವ ರಿಯಾಯಿತಿ. ‘ಮೊದಲ ಸಲ ನಿಮ್ಮ ಕೊಠಡಿಯಲ್ಲಿ ನಿಮ್ಮೊಬ್ಬರೆದುರು ಹೇಳುತ್ತೇನೆ, ಮುಂದಿನ ಸಲ ಲ್ಯಾಬ್ ಬ್ಯಾಚಿನ ಎದುರು, ಆಮೇಲೆ ತರಗತಿಯಲ್ಲಿ’ ಎಂಬುದು ಹತ್ತಿರ ಒಯ್ಯುವ ರಿಯಾಯಿತಿ. ‘ಹೆಸರು ಪಟ್ಟಿಯಲ್ಲಿ ನನ್ನನ್ನು ಮೊದಲು ಕರೆಯಿರಿ, ಕಾಯುವುದು ಕಷ್ಟ’ ಎಂದು ಕೇಳುವುದೂ ಹಾಗೆಯೇ. ಅಧ್ಯಾಪಕರು ಇದನ್ನು ಓದುತ್ತಿದ್ದರೆ ಅವರಲ್ಲೂ ಒಂದು ಬಿನ್ನಹ: ಇಂಥ ವಿದ್ಯಾರ್ಥಿಯನ್ನು ಧೈರ್ಯ ಬರಲೆಂದು ಮುನ್ಸೂಚನೆಯಿಲ್ಲದೆ ಎಬ್ಬಿಸಿ ಪ್ರಶ್ನೆ ಕೇಳಬೇಡಿ. ಯಾವ ದಿನ, ಯಾವ ಪ್ರಶ್ನೆ ಎಂದು ಮೊದಲೇ ತಿಳಿಸಿ, ಆ ದಿನ ತಪ್ಪದೆ ಕೇಳಿ.

ಯಾವುದರಿಂದ ಆರಂಭಿಸುವುದು

ಸಾಯುವ ಯೋಚನೆ ಬರುತ್ತಿದ್ದರೆ ಈ ಹೋಲಿಕೆಯೆಲ್ಲ ಆಮೇಲೆ. ಈಗಲೇ 14416ಕ್ಕೆ ಕರೆ ಮಾಡಿ, ತುರ್ತಾದರೆ 112ಕ್ಕೆ, ಮತ್ತು ರೂಮಿನಲ್ಲಿ ಒಬ್ಬರೇ ಇರಬೇಡಿ. ತರಗತಿಯನ್ನು ವಾರಗಟ್ಟಲೆ ಬಿಟ್ಟಿದ್ದರೆ, ಕುಡಿಯಲು ಆರಂಭಿಸಿದ್ದರೆ, ಇಡೀ ದಿನ ಬೇಸರ ಕವಿದಿದ್ದರೆ ಮನೋವೈದ್ಯರನ್ನೇ ನೇರವಾಗಿ ಕಾಣಿ. ತರಗತಿಗೆ ಹೋಗುತ್ತಿದ್ದೂ ಬಹುತೇಕ ಎಲ್ಲ ಸನ್ನಿವೇಶಗಳಲ್ಲಿ ಭಯವಿದ್ದರೆ ಸಿಬಿಟಿ ಬಲ್ಲವರನ್ನು ಹುಡುಕಿ, ಸಿಗುವವರೆಗೆ ಹೆಜ್ಜೆಗಳ ಪಟ್ಟಿಯನ್ನು ಆರಂಭಿಸಿ. ಸೆಮಿನಾರ್, ವೈವಾಗಳಷ್ಟೇ ಕಷ್ಟವಾದರೆ ಸ್ವಂತ ಅಭ್ಯಾಸ ಮತ್ತು ಕಾಲೇಜಿನ ಆಪ್ತಸಮಾಲೋಚಕರು ಸಾಕಾಗಬಹುದು. ಮನೆಯವರಿಗೆ ಹೇಳುವುದು ಕಡ್ಡಾಯವಲ್ಲವಾದರೂ ಒಬ್ಬರಿಗಾದರೂ ಹೇಳಿ. ಅಪ್ಪನಿಗೆ ಹೇಳಲಾಗದಿದ್ದರೆ ಅಕ್ಕನಿಗೆ, ಅಣ್ಣನಿಗೆ, ಸೋದರಮಾವನಿಗೆ.

ಆಯ್ಕೆ ಮಾಡಿದ ಮೇಲೆ ಎದುರಾಗುವ ಮೊದಲ ಅಡ್ಡಿಯನ್ನು ಈ ಬಗೆಯ ಮಾರ್ಗದರ್ಶಿಗಳು ಸಾಮಾನ್ಯವಾಗಿ ಮರೆಯುತ್ತವೆ: ಅಪರಿಚಿತರಿಗೆ ಫೋನ್ ಮಾಡುವುದೇ ಈ ತೊಂದರೆಯವರಿಗೆ ಅತ್ಯಂತ ಭಯದ ಕೆಲಸ. ಆದ್ದರಿಂದ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ‘ನಾನು ಎರಡನೇ ವರ್ಷದ ಪದವಿ ವಿದ್ಯಾರ್ಥಿ. ಜನರೆದುರು ಮಾತನಾಡಲು, ಊಟ ಮಾಡಲು ಒಂದು ವರ್ಷದಿಂದ ತುಂಬ ಭಯವಾಗುತ್ತಿದೆ. ಇದರಿಂದ ತರಗತಿ ತಪ್ಪುತ್ತಿದೆ, ನನಗೆ ಸಹಾಯ ಬೇಕು.’ ಇದನ್ನು ಓದಿಯೇ ಹೇಳಿದರೆ ಆ ಕಡೆಯವರು ಮುಂದಿನ ಪ್ರಶ್ನೆಗಳನ್ನು ತಾವೇ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಬಾಯಿ ಬಾರದಿದ್ದರೆ ಆ ಚೀಟಿಯನ್ನು ವೈದ್ಯರ ಮೇಜಿನ ಮೇಲೆ ಇಟ್ಟರೂ ಸಾಕು.